ಬದುಕಿದ್ದಾಗ ಮೂರು ಆಲ್ಬಂ, ಸತ್ತ ಮೇಲೆ ಹನ್ನೆರಡು: ಜಿಮಿ ಹೆಂಡ್ರಿಕ್ಸ್ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು?

ಒಬ್ಬ ಗಿಟಾರ್ ವಾದಕ ಬದುಕಿದ್ದಾಗ ಮೂರೇ ಮೂರು ಸ್ಟುಡಿಯೋ ಆಲ್ಬಂ ಮಾಡಿದ, ಸತ್ತ ಮೇಲೆ ಹನ್ನೆರಡು ಬಂದವು. ಹಾಗಾದರೆ ಆತ ಸತ್ತಿದ್ದು ನಿಜವೇ? ಅಥವಾ ಯಾರೋ ಅವನ ಹೆಸರಿನಲ್ಲಿ ಬಾರಿಸುತ್ತಿದ್ದಾರೆಯೇ? ಈಗಿನ ಕಾಲಕ್ಕೆ ತಕ್ಕಂತೆ, ಇದೆಲ್ಲ ಎಐ ಮಾಡಿದ್ದೇ? ಈ ಬಗೆಯ ಪ್ರಶ್ನೆಗಳನ್ನು ಹೊತ್ತ ಚಿಕ್ಕ ವಿಡಿಯೋಗಳು, ಬೆಂಕಿ ಹತ್ತಿದ ಗಿಟಾರಿನ ಫೋಟೋಗಳು ಜಗತ್ತಿನ ಎಲ್ಲ ಫೋನುಗಳಿಗೂ ಬರುತ್ತವೆ. ಕಡೂರು ಬಸ್ ಸ್ಟ್ಯಾಂಡಿನಲ್ಲಿ ಕೂತವರಿಗೂ ಬರುತ್ತವೆ, ತರೀಕೆರೆಯ ಅಡಿಕೆ ಮಂಡಿಯಲ್ಲಿ ಕಾಯುವವರಿಗೂ ಬರುತ್ತವೆ. ರಾಕ್ ಸಂಗೀತ ಕೇಳದವರೂ ಬೆರಗಿನಿಂದ ಮುಂದಕ್ಕೆ ಕಳಿಸುತ್ತಾರೆ.

ಲೆಕ್ಕ ಮೊದಲು ಮುಗಿಸಿಬಿಡೋಣ. ಮೂರು ಎನ್ನುವುದು ಸರಿ: 1967ರ ಮೇ ತಿಂಗಳಿನ 'ಆರ್ ಯು ಎಕ್ಸ್‌ಪೀರಿಯನ್ಸ್‌ಡ್', ಅದೇ ವರ್ಷ ಡಿಸೆಂಬರಿನ 'ಆಕ್ಸಿಸ್: ಬೋಲ್ಡ್ ಆ್ಯಸ್ ಲವ್', 1968ರ 'ಎಲೆಕ್ಟ್ರಿಕ್ ಲೇಡಿಲ್ಯಾಂಡ್'. ಇವುಗಳ ಜೊತೆಗೆ 1970ರಲ್ಲಿ 'ಬ್ಯಾಂಡ್ ಆಫ್ ಜಿಪ್ಸೀಸ್' ಎಂಬ ಲೈವ್ ಕಛೇರಿಯ ಆಲ್ಬಂ ಬಂತು. ಸತ್ತ ಮೇಲೆ ಹನ್ನೆರಡು ಎನ್ನುವುದೂ ಹೆಚ್ಚುಕಡಿಮೆ ಸರಿ. ಸ್ಟುಡಿಯೋ ಹಾಡುಗಳ ಆಲ್ಬಂಗಳನ್ನಷ್ಟೇ ಎಣಿಸಿದರೆ ಹನ್ನೆರಡರ ಆಸುಪಾಸು ಬರುತ್ತದೆ. ಲೈವ್ ಕಛೇರಿಗಳು, ಸಂಗ್ರಹಗಳು, ಪೆಟ್ಟಿಗೆ ಸೆಟ್ಟುಗಳನ್ನೂ ಸೇರಿಸಿದರೆ ಪಟ್ಟಿ ಉದ್ದವಾಗುತ್ತದೆ. ಆದರೆ ಈ ಹನ್ನೆರಡೂ ಒಂದೇ ತರದವಲ್ಲ. ಕೆಲವು ಪೂರ್ತಿ ಅವನವು, ಕೆಲವು ಅರ್ಧ ಅವನವು. ವಿಷಯ ಇರುವುದು ಅಲ್ಲೇ.

ಐದು ಡಾಲರ್ ಗಿಟಾರ್

ಜಿಮಿ ಹುಟ್ಟಿದ್ದು 1942ರ ನವೆಂಬರ್ 27ರಂದು, ಅಮೆರಿಕದ ಸಿಯಾಟಲ್‌ನಲ್ಲಿ. ಹುಟ್ಟಿದಾಗ ಇಟ್ಟ ಹೆಸರು ಜಾನಿ ಅಲೆನ್. ಅಪ್ಪ ಆಲ್ ಹೆಂಡ್ರಿಕ್ಸ್ ಆಗ ಸೈನ್ಯದಲ್ಲಿದ್ದ. ಯುದ್ಧ ಮುಗಿಸಿ ಬಂದವನು 1946ರಲ್ಲಿ ಮಗನ ಹೆಸರನ್ನು ಜೇಮ್ಸ್ ಮಾರ್ಷಲ್ ಎಂದು ಬದಲಿಸಿದ. ಮನೆಯಲ್ಲಿ ಬಡತನ, ಕುಡಿತ, ಜಗಳ. ಅಪ್ಪ ಅಮ್ಮ ಬೇರೆಯಾದರು. ಹುಡುಗನಿಗೆ ಹದಿನೈದು ತುಂಬಿದ ಸ್ವಲ್ಪ ದಿನಕ್ಕೆ, 1958ರಲ್ಲಿ, ಅಮ್ಮ ಲೂಸಿಲ್ ತೀರಿಕೊಂಡಳು.

ಕಸದ ಜೊತೆ ಸಿಕ್ಕ ಒಂದೇ ತಂತಿಯ ಉಕುಲೇಲೆಯಲ್ಲಿ ಹುಡುಗ ರೇಡಿಯೋ ಹಾಡುಗಳನ್ನು ಕಿವಿಯಿಂದ ಕೇಳಿ ಬಾರಿಸಲು ಕಲಿತ. ಆಮೇಲೆ ಐದು ಡಾಲರಿಗೆ ಒಂದು ಹಳೆಯ ಗಿಟಾರ್ ಬಂತು. 1959ರಲ್ಲಿ ಅಪ್ಪ ಒಂದು ಎಲೆಕ್ಟ್ರಿಕ್ ಗಿಟಾರ್ ಕೊಡಿಸಿದ. ಯಾವ ಗುರುವೂ ಇಲ್ಲ, ಸ್ವರಲಿಪಿ ಓದಲು ಬರುತ್ತಿರಲಿಲ್ಲ.

ಇಲ್ಲಿ ಒಂದು ಚಿಕ್ಕ ತಪ್ಪು ತಿದ್ದಬೇಕು. ಜಿಮಿ ಎಡಗೈಯವನು, ಬಲಗೈಯವರ ಗಿಟಾರನ್ನು ತಲೆಕೆಳಗು ಹಿಡಿದು ಬಾರಿಸುತ್ತಿದ್ದ ಎನ್ನುವುದು ನಿಜ. ಆದರೆ ತಂತಿಗಳೂ ತಲೆಕೆಳಗಾಗಿದ್ದವು ಎಂದು ಅನೇಕರು ಬರೆಯುತ್ತಾರೆ. ಹಾಗಲ್ಲ. ಆತ ತಂತಿಗಳನ್ನು ಬಿಚ್ಚಿ ಎಡಗೈಗೆ ಹೊಂದುವಂತೆ ಮತ್ತೆ ಕಟ್ಟಿಕೊಳ್ಳುತ್ತಿದ್ದ. ದಪ್ಪ ತಂತಿ ಎಂದಿನಂತೆ ಮೇಲೆಯೇ ಇರುತ್ತಿತ್ತು. ತಿರುಗಿದ್ದು ಗಿಟಾರಿನ ಮೈ ಮಾತ್ರ. ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಕೆಳಗೆ ಆಯಸ್ಕಾಂತ, ಅದರ ಸುತ್ತ ಸಣ್ಣ ತಾಮ್ರದ ಸುರುಳಿ ಇರುತ್ತದೆ. ಉಕ್ಕಿನ ತಂತಿ ಅದುರಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ, ಅದೇ ಸ್ಪೀಕರಿಗೆ ಹೋಗಿ ಸದ್ದಾಗುತ್ತದೆ. ನಮ್ಮ ಸೈಕಲ್ ಡೈನಮೋದ ತತ್ವವೇ ಇದು. ಜಿಮಿಯ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನಲ್ಲಿ ಈ ಸುರುಳಿಗಳಲ್ಲಿ ಒಂದು ಓರೆಯಾಗಿ ಕೂತಿದೆ. ಗಿಟಾರ್ ತಿರುಗಿಸಿದಾಗ ಆ ಓರೆಯೂ ತಿರುಗಿ, ದಪ್ಪ ತಂತಿ ಸಣ್ಣ ತಂತಿಗಳ ಧ್ವನಿಯ ಹದ ಸ್ವಲ್ಪ ಬದಲಾಗುತ್ತದೆ. ಮಾಂತ್ರಿಕತೆ ಏನಿಲ್ಲ.

1961ರಲ್ಲಿ ಕದ್ದ ಕಾರಿನಲ್ಲಿ ಸಿಕ್ಕಿಬಿದ್ದ ಜಿಮಿ ಜೈಲೋ ಸೈನ್ಯವೋ ಎಂಬ ಪರಿಸ್ಥಿತಿಯಲ್ಲಿ ಸೈನ್ಯ ಸೇರಿದ. ಪ್ಯಾರಾಚೂಟ್ ಪಡೆಯಲ್ಲಿ ಒಂದು ವರ್ಷ ಕಳೆದ. ಗಮನವೆಲ್ಲ ಗಿಟಾರಿನ ಮೇಲೆ. 1962ರಲ್ಲಿ ಮೇಲಧಿಕಾರಿಗಳೇ ಬಿಡುಗಡೆ ಮಾಡಿ ಕಳಿಸಿದರು. ಅಲ್ಲಿ ಸಿಕ್ಕ ಗೆಳೆಯ ಬಿಲ್ಲಿ ಕಾಕ್ಸ್ ಮುಂದೆ ಕೊನೆಯವರೆಗೂ ಜೊತೆಗಿದ್ದ. ಆಮೇಲಿನ ನಾಲ್ಕು ವರ್ಷ ಐಸ್ಲೀ ಬ್ರದರ್ಸ್, ಲಿಟಲ್ ರಿಚರ್ಡ್ ಮುಂತಾದವರ ಹಿಂದೆ ನಿಂತು ಬಾರಿಸುವ ಕೂಲಿ ಕೆಲಸ.

ಒಂದು ಡಾಲರಿನ ಸಹಿ

1965ರ ಅಕ್ಟೋಬರಿನಲ್ಲಿ ಜಿಮಿ ಒಂದು ಕಾಗದಕ್ಕೆ ಸಹಿ ಹಾಕಿದ. ಎಡ್ ಚಾಲ್ಪಿನ್ ಎಂಬ ನಿರ್ಮಾಪಕನ ಜೊತೆ ಮೂರು ವರ್ಷದ ಒಪ್ಪಂದ. ಮುಂಗಡ ಒಂದು ಡಾಲರ್, ಮಾರಾಟದಲ್ಲಿ ಪಾಲು ಶೇಕಡಾ ಒಂದು. ಹೊಟ್ಟೆಪಾಡಿನ ದಿನಗಳಲ್ಲಿ ಕಾಗದವನ್ನು ಯಾರು ಓದುತ್ತಾರೆ? ಮರುವರ್ಷ ಚಾಸ್ ಚಾಂಡ್ಲರ್ ಎಂಬಾತ ನ್ಯೂಯಾರ್ಕಿನ ಒಂದು ಕೆಫೆಯಲ್ಲಿ ಇವನನ್ನು ಕೇಳಿ ಬೆರಗಾಗಿ 1966ರ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಕರೆದುಕೊಂಡು ಹೋದ. ಬಾಸ್ ಗಿಟಾರಿಗೆ ನೋಯೆಲ್ ರೆಡಿಂಗ್, ಡ್ರಮ್ಸಿಗೆ ಮಿಚ್ ಮಿಚೆಲ್ ಸೇರಿದರು. ಒಂದೇ ವರ್ಷದಲ್ಲಿ ಜಿಮಿ ಜಗತ್ಪ್ರಸಿದ್ಧ. 1967ರ ಜೂನಿನಲ್ಲಿ ಮಾಂಟೆರೆ ಉತ್ಸವದ ವೇದಿಕೆಯಲ್ಲಿ ಗಿಟಾರಿಗೆ ಬೆಂಕಿ ಹಚ್ಚಿದ ಚಿತ್ರವೇ ಇಂದಿಗೂ ನಿಮ್ಮ ಫೋನಿಗೆ ಬರುವುದು.

ಹೆಸರು ಬಂದ ಕೂಡಲೇ ಚಾಲ್ಪಿನ್ ಹಳೇ ಕಾಗದ ಹಿಡಿದು ಬಂದ. ಜಿಮಿ ಹಿಂದೆ ನಿಂತು ಬಾರಿಸಿದ್ದ ಹಳೆಯ ಧ್ವನಿಮುದ್ರಣಗಳು ಮುಖಪುಟದಲ್ಲಿ ಅವನದೇ ದೊಡ್ಡ ಫೋಟೋ ಹೊತ್ತು 1967ರಲ್ಲೇ ಅಂಗಡಿಗೆ ಬಂದವು. ಅಂದರೆ ತನಗೆ ಬೇಡವಾದ ಆಲ್ಬಂ ತನ್ನ ಹೆಸರಲ್ಲಿ ಬರುವುದನ್ನು ಜಿಮಿ ಬದುಕಿದ್ದಾಗಲೇ ನೋಡಿದ್ದ. ಈ ವ್ಯಾಜ್ಯ ತೀರಿಸಲು ಒಂದು ಹೊಸ ಆಲ್ಬಂ ಕೊಡಬೇಕಾಯಿತು. ಮೇಲೆ ಹೇಳಿದ 'ಬ್ಯಾಂಡ್ ಆಫ್ ಜಿಪ್ಸೀಸ್' ಬಂದದ್ದೇ ಹಾಗೆ. ಸಾಲ ತೀರಿಸಲು ಕೊಟ್ಟ ಆ ಕಛೇರಿ ಕೇಳಲು ಅಷ್ಟು ಚೆನ್ನಾಗಿದೆ ಎನ್ನುವುದು ಬೇರೆ ಮಾತು.

ಸ್ಟುಡಿಯೋದಲ್ಲಿ ರಾತ್ರಿಗಳು

ಸತ್ತ ಮೇಲೆ ಇಷ್ಟೊಂದು ಹಾಡು ಎಲ್ಲಿಂದ ಬಂತು? ಉತ್ತರ ಜಿಮಿಯ ಕೆಲಸದ ರೀತಿಯಲ್ಲಿದೆ. ಸಿದ್ಧವಾದ ಹಾಡನ್ನು ಸ್ಟುಡಿಯೋಗೆ ತಂದು ಮುದ್ರಿಸಿ ಹೋಗುವವನಲ್ಲ ಅವನು. ರಾತ್ರಿ ಹೋಗಿ, ಯಾರು ಸಿಕ್ಕರೋ ಅವರ ಜೊತೆ ಬಾರಿಸುತ್ತಾ ಕೂರುತ್ತಿದ್ದ. ಟೇಪ್ ಓಡುತ್ತಲೇ ಇರುತ್ತಿತ್ತು. ಒಂದೇ ಹಾಡನ್ನು ಹತ್ತಾರು ಸಲ, ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಜನರೊಂದಿಗೆ ಬಾರಿಸಿ ನೋಡುತ್ತಿದ್ದ. ಮುಗಿದದ್ದಕ್ಕಿಂತ ಮುಗಿಯದ್ದೇ ಹೆಚ್ಚು. ಅದೆಲ್ಲ ಪೆಟ್ಟಿಗೆಗಳಲ್ಲಿ ಕೂತಿತು.

ಇದಕ್ಕೆ ದೊಡ್ಡ ಸ್ಟುಡಿಯೋ ಬಾಡಿಗೆ ತೆರಬೇಕಾಗುತ್ತಿತ್ತು. ಅದರ ಬದಲು ತನ್ನದೇ ಒಂದನ್ನು ಕಟ್ಟೋಣವೆಂದು ನ್ಯೂಯಾರ್ಕಿನಲ್ಲಿ ಸಾಲ ಮಾಡಿ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೋ ಕಟ್ಟಿಸಿದ. ಅದರ ಉದ್ಘಾಟನೆ 1970ರ ಆಗಸ್ಟ್ 26ರಂದು. ಅದಕ್ಕೂ ಮೊದಲೇ, ಕಟ್ಟಡದ ಕೆಲಸ ನಡೆಯುತ್ತಿರುವಾಗಲೇ, ಅಲ್ಲಿ ಕೂತು ಹೊಸ ಆಲ್ಬಂ ಶುರು ಮಾಡಿದ್ದ. ಯಾವ ಹಾಡು ಯಾವ ಬದಿಗೆ ಎಂದು ಕೈಯಲ್ಲೇ ಪಟ್ಟಿ ಬರೆದಿಟ್ಟಿದ್ದ. ಉದ್ಘಾಟನೆಯಾದ ಮೇಲೆ ಯುರೋಪಿಗೆ ಕಛೇರಿಗಳಿಗೆ ಹೋದ. ಸೆಪ್ಟೆಂಬರ್ 6ರಂದು ಜರ್ಮನಿಯ ಫೆಮಾರ್ನ್ ದ್ವೀಪದಲ್ಲಿ ಕೊನೆಯ ಕಛೇರಿ. ತನ್ನ ಸ್ಟುಡಿಯೋಗೆ ಮತ್ತೆ ಬರಲೇ ಇಲ್ಲ.

27ನೇ ವಯಸ್ಸು ಮತ್ತು ಒಂದು ತಪ್ಪು ನಂಬಿಕೆ

1970ರ ಸೆಪ್ಟೆಂಬರ್ 18ರಂದು ಲಂಡನ್ನಿನಲ್ಲಿ ಜಿಮಿ ಸತ್ತ. ವಯಸ್ಸು 27. ಡ್ರಗ್ಸ್ ಓವರ್‌ಡೋಸ್ ಎಂದು ಒಂದೇ ಪದದಲ್ಲಿ ಬರೆಯುವ ಫಾರ್ವರ್ಡ್‌ಗಳು ಮುಖ್ಯ ಸಂಗತಿಯನ್ನೇ ಬಿಡುತ್ತವೆ. ಮದ್ಯ ಕುಡಿದಿದ್ದ, ಜೊತೆಗೆ ಬೇರೊಬ್ಬರಿಗೆ ವೈದ್ಯರು ಬರೆದುಕೊಟ್ಟಿದ್ದ ನಿದ್ರೆ ಮಾತ್ರೆಗಳನ್ನು ಮಿತಿಗಿಂತ ಬಹಳ ಹೆಚ್ಚು ನುಂಗಿದ್ದ. ಅವು ಬಾರ್ಬಿಟ್ಯುರೇಟ್ ಜಾತಿಯವು. ಮಂಪರಿನಲ್ಲಿ ವಾಂತಿಯಾಗಿ ಅದು ಶ್ವಾಸನಾಳಕ್ಕೆ ಇಳಿದು ಉಸಿರುಗಟ್ಟಿತು. ವಿಚಾರಣೆ ನಡೆಸಿದ ಅಧಿಕಾರಿ ಆತ್ಮಹತ್ಯೆ ಎಂದಾಗಲಿ ಆಕಸ್ಮಿಕ ಎಂದಾಗಲಿ ತೀರ್ಮಾನಿಸಲು ಸಾಕ್ಷ್ಯ ಸಾಲದು ಎಂದು ತೀರ್ಪನ್ನು ತೆರೆದೇ ಇಟ್ಟರು. ಮ್ಯಾನೇಜರೇ ಕೊಲ್ಲಿಸಿದ ಎಂಬ ಮಾತು ಬಹಳ ವರ್ಷಗಳ ನಂತರ ಬಂದ ಒಂದು ಪುಸ್ತಕದಿಂದ ಹಬ್ಬಿತು. ಅದು ಸಾಬೀತಾಗಿಲ್ಲ.

ಒಂದು ಮಾತು ಇಲ್ಲಿ ನೆನಪಿಡಿ, ಏಕೆಂದರೆ ಇದು ಹಬ್ಬದ ರಾತ್ರಿ ನಮ್ಮೂರಲ್ಲೂ ಆಗುವಂಥದ್ದು. ಕುಡಿದೋ ಮಾತ್ರೆಯಿಂದಲೋ ಎಚ್ಚರ ತಪ್ಪಿದವರನ್ನು ಅಂಗಾತ ಮಲಗಿಸಿ, ಮಲಗಲಿ ಬಿಡಿ ಎಂದು ಹೋಗಬೇಡಿ. ಉಸಿರಾಟ ಇದ್ದರೆ ಒಂದು ಮಗ್ಗುಲಿಗೆ ತಿರುಗಿಸಿ, ಮೇಲಿನ ಮೊಣಕಾಲು ಮಡಚಿ, ಬಾಯಿ ನೆಲದ ಕಡೆ ಇರುವಂತೆ ಇಡಿ. ವಾಂತಿಯಾದರೂ ಹೊರಗೆ ಹರಿಯುತ್ತದೆ. ಬಾಯಿಗೆ ನೀರು, ಮಜ್ಜಿಗೆ, ನಿಂಬೆರಸ ಹಾಕಬೇಡಿ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವತನಕ ಪಕ್ಕದಲ್ಲೇ ಇರಿ.

ಇನ್ನು 27ರ ಶಾಪ. ಜಿಮಿ, ಜಾನಿಸ್ ಜಾಪ್ಲಿನ್, ಜಿಮ್ ಮಾರಿಸನ್, ಕರ್ಟ್ ಕೊಬೇನ್, ಏಮಿ ವೈನ್‌ಹೌಸ್ ಎಲ್ಲರೂ 27ಕ್ಕೇ ಹೋದರು, ಆ ವಯಸ್ಸಿನಲ್ಲಿ ಏನೋ ಗಂಡಾಂತರವಿದೆ ಎಂಬ ನಂಬಿಕೆ. ಇದನ್ನು ಸಂಖ್ಯಾಶಾಸ್ತ್ರಜ್ಞರು ನಿಜಕ್ಕೂ ಪರೀಕ್ಷಿಸಿದ್ದಾರೆ. 1956ರಿಂದ 2007ರವರೆಗೆ ಬ್ರಿಟನ್ನಿನಲ್ಲಿ ನಂಬರ್ ಒನ್ ಆಲ್ಬಂ ಕೊಟ್ಟ 1,046 ಸಂಗೀತಗಾರರ ಲೆಕ್ಕ ತೆಗೆದು 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಅವರಲ್ಲಿ 71 ಮಂದಿ ತೀರಿಕೊಂಡಿದ್ದರು. 27ರಲ್ಲಿ ವಿಶೇಷವಾಗಿ ಸಾವು ಹೆಚ್ಚಿರಲಿಲ್ಲ. ಆದರೆ ಇಪ್ಪತ್ತು ಮೂವತ್ತರ ವಯಸ್ಸಿನ ಪ್ರಸಿದ್ಧ ಸಂಗೀತಗಾರರಿಗೆ ಸಾವಿನ ಅಪಾಯ ಅದೇ ವಯಸ್ಸಿನ ಸಾಮಾನ್ಯ ಜನರಿಗಿಂತ ಎರಡರಿಂದ ಮೂರು ಪಟ್ಟು ಇತ್ತು. ಗಂಡಾಂತರ ಅಂಕಿಯಲ್ಲಿಲ್ಲ, ಬದುಕುವ ರೀತಿಯಲ್ಲಿದೆ.

ಗಿಳಿಯ ಕಥೆಯೊಂದನ್ನೂ ಹೇಳಿಬಿಡುತ್ತೇನೆ, ಬಿಡಲು ಮನಸ್ಸು ಬರುತ್ತಿಲ್ಲ. ನಮ್ಮ ತೆನೆಗಳಿಗೆ ದಾಳಿ ಮಾಡುವ ಕೊರಳಪಟ್ಟಿಯ ಹಸಿರು ಗಿಳಿ ಈಗ ಲಂಡನ್ನಿನ ಪಾರ್ಕುಗಳಲ್ಲೂ ಗುಂಪು ಗುಂಪಾಗಿ ಹಾರಾಡುತ್ತದೆ. ಅದು ಅಲ್ಲಿಗೆ ಬಂದದ್ದು ಜಿಮಿ ಒಂದು ಜೋಡಿಯನ್ನು ಪಂಜರದಿಂದ ಬಿಟ್ಟಿದ್ದರಿಂದ ಎಂದು ಅಲ್ಲಿನವರು ಹೇಳುತ್ತಾರೆ. 2019ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಸಂಶೋಧಕರು, ಅಪರಾಧಿಗಳನ್ನು ಹುಡುಕಲು ಪೊಲೀಸರು ಬಳಸುವ ನಕ್ಷೆಯ ಲೆಕ್ಕವನ್ನೇ ಗಿಳಿಗಳಿಗೆ ಹಾಕಿ ನೋಡಿದರು. ಜಿಮಿ ಗಿಳಿ ಬಿಟ್ಟನೆನ್ನುವ ಬೀದಿಯಿಂದ ಅವು ಹರಡಿದ ಗುರುತೇ ಇಲ್ಲ. ಅಲ್ಲಿ ಗಿಳಿ ಕಂಡ ವರದಿಗಳು ಜಿಮಿ ಹುಟ್ಟುವ ಮೊದಲಿನಿಂದಲೇ ಇವೆ. ಸಾಕಿದವರು ಆಗಾಗ ಬಿಟ್ಟವು, ತಪ್ಪಿಸಿಕೊಂಡವು ಸೇರಿ ಬೆಳೆದ ಸಂತತಿ ಅದು.

ಉಯಿಲಿಲ್ಲದ ಆಸ್ತಿ

ಜಿಮಿ ಉಯಿಲು ಬರೆದಿರಲಿಲ್ಲ. ಮದುವೆಯಾಗಿರಲಿಲ್ಲ. ಕಾನೂನಿನಂತೆ ಎಲ್ಲವೂ ಅಪ್ಪ ಆಲ್‌ಗೆ ಬಂತು. ಆತ ಸಿಯಾಟಲ್ಲಿನಲ್ಲಿ ತೋಟ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದವನು. ರೆಕಾರ್ಡ್ ಕಂಪನಿ, ಹಕ್ಕು, ರಾಯಲ್ಟಿ ಯಾವುದೂ ಗೊತ್ತಿಲ್ಲ. ಟೇಪುಗಳು ಮ್ಯಾನೇಜರ್ ಮೈಕ್ ಜೆಫ್ರಿಯ ಹಿಡಿತದಲ್ಲಿದ್ದವು.

ಮೊದಲ ಹಂತ ಮರ್ಯಾದೆಯಿಂದಲೇ ನಡೆಯಿತು. ಜಿಮಿಯ ಜೊತೆ ಎಲ್ಲ ಆಲ್ಬಂಗಳಲ್ಲೂ ಕೆಲಸ ಮಾಡಿದ್ದ ಸೌಂಡ್ ಎಂಜಿನಿಯರ್ ಎಡ್ಡಿ ಕ್ರೇಮರ್ ಮತ್ತು ಡ್ರಮ್ಮರ್ ಮಿಚ್ ಮಿಚೆಲ್ ಕೂತು, ಮುಗಿಯುವ ಹಂತಕ್ಕೆ ಬಂದಿದ್ದ ಹಾಡುಗಳನ್ನು ಆರಿಸಿದರು. 1971ರ ಮಾರ್ಚಿನಲ್ಲಿ 'ದ ಕ್ರೈ ಆಫ್ ಲವ್' ಬಂತು. ಅಮೆರಿಕದ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಏರಿತು. ಅದೇ ವರ್ಷ 'ರೇನ್‌ಬೋ ಬ್ರಿಡ್ಜ್', 1972ರಲ್ಲಿ 'ವಾರ್ ಹೀರೋಸ್'. ಒಂದೊಂದಕ್ಕೂ ಬುಟ್ಟಿಯ ತಳ ಕಾಣುತ್ತಾ ಬಂತು. 1973ರಲ್ಲಿ ಫ್ರಾನ್ಸಿನ ಆಕಾಶದಲ್ಲಿ ಎರಡು ವಿಮಾನ ಡಿಕ್ಕಿಯಾಗಿ ಜೆಫ್ರಿಯೂ ಸತ್ತ.

ಆಗ ಬಂದವನು ನಿರ್ಮಾಪಕ ಅಲನ್ ಡಗ್ಲಸ್. ಅವನು ಮಾಡಿದ್ದನ್ನು ಅರ್ಥ ಮಾಡಿಕೊಳ್ಳಲು ಟೇಪಿನ ಗುಟ್ಟು ಗೊತ್ತಿರಬೇಕು. ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಎಲ್ಲ ವಾದ್ಯ ಒಟ್ಟಿಗೆ ಕಲಸಿಹೋಗಿರುತ್ತವೆ. ಸ್ಟುಡಿಯೋ ಟೇಪ್ ಹಾಗಲ್ಲ. ಅದು ಅಗಲವಾದ ಪಟ್ಟಿ, ಅದರ ಮೇಲೆ ಉದ್ದಕ್ಕೂ ಸಮಾನಾಂತರ ಸಾಲುಗಳು. ಹೊಲದಲ್ಲಿ ಹೊಡೆದ ಸಾಲುಗಳಂತೆ ಎಂದುಕೊಳ್ಳಿ. ಒಂದು ಸಾಲಿನಲ್ಲಿ ಡ್ರಮ್ಸ್, ಒಂದರಲ್ಲಿ ಬಾಸ್, ಒಂದರಲ್ಲಿ ಗಿಟಾರ್, ಇನ್ನೊಂದರಲ್ಲಿ ಹಾಡುವ ಧ್ವನಿ. ಜಿಮಿ ಲಂಡನ್ನಿನಲ್ಲಿ ಶುರು ಮಾಡಿದಾಗ ನಾಲ್ಕೇ ಸಾಲು ಇದ್ದವು. 'ಎಲೆಕ್ಟ್ರಿಕ್ ಲೇಡಿಲ್ಯಾಂಡ್' ಹೊತ್ತಿಗೆ ಹನ್ನೆರಡಾದವು, ಆಮೇಲೆ ಹದಿನಾರು. ಒಂದು ಸಾಲಿನ ಬೆಳೆ ಕಿತ್ತು ಬೇರೆ ನೆಟ್ಟರೂ ಪಕ್ಕದ ಸಾಲು ಹಾಗೇ ಇರುತ್ತದೆ.

ಡಗ್ಲಸ್ ಮಾಡಿದ್ದು ಇದನ್ನೇ. ಜಿಮಿಯ ಗಿಟಾರ್ ಮತ್ತು ಧ್ವನಿ ಉಳಿಸಿಕೊಂಡು, ಜೊತೆಗಾರರು ಬಾರಿಸಿದ್ದನ್ನು ಅನೇಕ ಕಡೆ ತೆಗೆದು, ಜಿಮಿಯ ಜೊತೆ ಎಂದೂ ಬಾರಿಸದ ಸ್ಟುಡಿಯೋ ಕಲಾವಿದರಿಂದ 1970ರ ದಶಕದ ಮಧ್ಯದಲ್ಲಿ ಹೊಸದಾಗಿ ಬಾರಿಸಿ ಸೇರಿಸಿದ. ಕೆಲವೆಡೆ ಗಿಟಾರನ್ನೂ ಸೇರಿಸಿದ್ದುಂಟು. ಕೆಲವು ಹಾಡುಗಳಿಗೆ ಸಹ ಸಂಯೋಜಕನೆಂದು ತನ್ನ ಹೆಸರನ್ನೂ ಹಾಕಿಕೊಂಡ. 1975ರಲ್ಲಿ 'ಕ್ರ್ಯಾಶ್ ಲ್ಯಾಂಡಿಂಗ್' ಮತ್ತು 'ಮಿಡ್‌ನೈಟ್ ಲೈಟ್ನಿಂಗ್' ಹೀಗೆ ಬಂದವು. ಮೊದಲನೆಯದು ಅಮೆರಿಕದಲ್ಲಿ ಐದನೇ ಸ್ಥಾನಕ್ಕೇರಿತು. ಕೊಂಡವರಿಗೆ ಕೇಳುತ್ತಿದ್ದದ್ದು ನಡೆಯದೇ ಇದ್ದ ಒಂದು ಕಛೇರಿ. ಒಬ್ಬ 1969ರಲ್ಲಿ ಬಾರಿಸುತ್ತಿದ್ದಾನೆ, ಪಕ್ಕದವನು 1975ರಲ್ಲಿ ತಾಳ ಹಾಕುತ್ತಿದ್ದಾನೆ.

ಡಗ್ಲಸ್‌ನನ್ನು ಬರೀ ಖಳನಾಯಕ ಎನ್ನುವುದೂ ನ್ಯಾಯವಲ್ಲ. ಅರೆಬರೆ ಟೇಪುಗಳನ್ನು ಜನ ಹಾಗೇ ಕೊಳ್ಳುತ್ತಿರಲಿಲ್ಲ ಎಂಬುದು ಅವನ ವಾದ. ಇಪ್ಪತ್ತು ವರ್ಷ ಜಿಮಿಯ ಹೆಸರು ಅಂಗಡಿಯಲ್ಲಿ ಉಳಿಯುವಂತೆ ಮಾಡಿದವನೂ ಅವನೇ. ಆದರೆ ತಿದ್ದುವ ಹಕ್ಕು ಅವನಿಗೆ ಇತ್ತೇ ಎಂದರೆ, ನನ್ನ ಮಟ್ಟಿಗೆ ಇಲ್ಲ. ಮುಗಿಯದ್ದನ್ನು ಮುಗಿಯದ್ದು ಎಂದು ಹೇಳಿ ಮಾರಬಹುದಿತ್ತು.

1993ರಲ್ಲಿ ಅಪ್ಪ ಆಲ್ ಮೊಕದ್ದಮೆ ಹೂಡಿದ. ತನ್ನ ವಕೀಲರೂ ಡಗ್ಲಸ್ಸೂ ಸೇರಿ ಹಕ್ಕುಗಳನ್ನು ತನಗೆ ತಿಳಿಯದಂತೆ ಕೈಬದಲು ಮಾಡಿದ್ದಾರೆ ಎಂಬುದು ದೂರು. ವಕೀಲರ ಖರ್ಚಿಗೆ ಸಾಲ ಕೊಟ್ಟವರು ಮೈಕ್ರೋಸಾಫ್ಟ್ ಸ್ಥಾಪಕರಲ್ಲಿ ಒಬ್ಬರಾದ ಪಾಲ್ ಆಲೆನ್. ಅವರೂ ಸಿಯಾಟಲ್ಲಿನವರು, ಜಿಮಿಯ ಅಭಿಮಾನಿ. 1995ರಲ್ಲಿ ರಾಜಿಯಾಗಿ ಹಕ್ಕುಗಳು ಕುಟುಂಬಕ್ಕೆ ಮರಳಿದವು. ಆಲ್ ಮತ್ತು ಮಲಮಗಳು ಜೇನಿ ಸೇರಿ ಕಂಪನಿ ಮಾಡಿದರು, ಕ್ರೇಮರ್‌ನನ್ನು ವಾಪಸ್ ಕರೆಸಿದರು. ಜಿಮಿ ಕೈಯಲ್ಲಿ ಬರೆದಿಟ್ಟ ಪಟ್ಟಿಗಳನ್ನು ಎದುರಿಗಿಟ್ಟುಕೊಂಡು 1997ರಲ್ಲಿ 'ಫಸ್ಟ್ ರೇಸ್ ಆಫ್ ದ ನ್ಯೂ ರೈಸಿಂಗ್ ಸನ್' ತಂದರು. ಆತ ಮುಗಿಸಬೇಕೆಂದಿದ್ದ ಆಲ್ಬಮ್ಮಿಗೆ ಅತಿ ಹತ್ತಿರದ್ದು ಇದೇ. ಆದರೂ ಹತ್ತಿರದ್ದು ಅಷ್ಟೇ. ಕೊನೆಯ ಕತ್ತರಿ ಯಾವುದಕ್ಕೆ ಹಾಕುತ್ತಿದ್ದನೋ ಅವನಿಗೊಬ್ಬನಿಗೇ ಗೊತ್ತಿತ್ತು.

ಆಮೇಲೆ 2010ರಲ್ಲಿ 'ವ್ಯಾಲೀಸ್ ಆಫ್ ನೆಪ್ಚೂನ್', 2013ರಲ್ಲಿ 'ಪೀಪಲ್, ಹೆಲ್ ಆ್ಯಂಡ್ ಏಂಜಲ್ಸ್', 2018ರಲ್ಲಿ 'ಬೋತ್ ಸೈಡ್ಸ್ ಆಫ್ ದ ಸ್ಕೈ' ಬಂದವು. ನಡುವಿನದು ಅಮೆರಿಕದಲ್ಲಿ ನೇರವಾಗಿ ಎರಡನೇ ಸ್ಥಾನಕ್ಕೆ ಬಂದು ಕೂತಿತು, ಸತ್ತ 43ನೇ ವರ್ಷದಲ್ಲಿ.

ಕುಟುಂಬ ಗೆದ್ದಿತು ಎಂದರೆ ಎಲ್ಲರಿಗೂ ನ್ಯಾಯ ಸಿಕ್ಕಿತು ಎಂದಲ್ಲ. 2002ರಲ್ಲಿ ಆಲ್ ತೀರಿಕೊಂಡಾಗ ಆಸ್ತಿಯ ಉಯಿಲಿನಲ್ಲಿ ಜಿಮಿಯ ಖಾಸಾ ತಮ್ಮ ಲಿಯಾನ್‌ಗೆ ಆಸ್ತಿಯಲ್ಲಿ ಪಾಲಿರಲಿಲ್ಲ. ಆತ ಕೋರ್ಟಿಗೆ ಹೋಗಿ 2004ರಲ್ಲಿ ಸೋತ. ಮೂರೂ ಆಲ್ಬಮ್ಮಿನಲ್ಲಿ ಜೊತೆಗಿದ್ದ ರೆಡಿಂಗ್ ಮತ್ತು ಮಿಚೆಲ್ 1970ರ ದಶಕದಲ್ಲೇ ಒಂದಿಷ್ಟು ಇಡಿಗಂಟು ಪಡೆದು ಹಕ್ಕು ಬಿಟ್ಟುಕೊಟ್ಟಿದ್ದರು. ಆಗ ಸಿ.ಡಿಯೂ ಇರಲಿಲ್ಲ, ಫೋನಿನಲ್ಲಿ ಹಾಡು ಕೇಳುವುದು ಕನಸಿನಲ್ಲೂ ಇರಲಿಲ್ಲ. ಇಬ್ಬರೂ ಈಗಿಲ್ಲ. ಅವರ ವಾರಸುದಾರರು ಪಾಲಿಗಾಗಿ ಲಂಡನ್ನಿನ ಹೈಕೋರ್ಟಿನ ಮೆಟ್ಟಿಲು ಹತ್ತಿದರು.

ಟೇಪಿಲ್ಲದ ಕಲೆ

ಇದಕ್ಕೆ ತೀರಾ ಬೇರೆಯಾದ ಒಂದು ಬಗೆ ನಮ್ಮ ಕಡೂರಿನಲ್ಲೇ ಇದೆ. ಮೈಸೂರು ಅರಮನೆಯ ನರ್ತಕಿ ಕೆ. ವೆಂಕಟಲಕ್ಷಮ್ಮ ಹುಟ್ಟಿದ್ದು 1906ರಲ್ಲಿ, ಕಡೂರಿನ ತಂಗಲಿ ತಾಂಡ್ಯದ ಲಂಬಾಣಿ ಕುಟುಂಬದಲ್ಲಿ. ಎಂಟರ ವಯಸ್ಸಿನಲ್ಲಿ ಜಟ್ಟಿ ತಾಯಮ್ಮನವರ ಬಳಿ ಕಲಿಯಲು ಶುರು ಮಾಡಿ ದಶಕಗಳ ಕಾಲ ಅರಮನೆಯಲ್ಲಿ ನರ್ತಿಸಿದರು. ಆಮೇಲೆ ಸ್ವಂತ ಶಾಲೆ ತೆರೆದರು, ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ಕಲಿಸಿದರು. 1992ರಲ್ಲಿ ಪದ್ಮಭೂಷಣ ಬಂತು, 2002ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಅಭಿನಯ ಶಿಷ್ಯೆಯರ ಕಣ್ಣು, ಹುಬ್ಬು, ಕೈಗಳಲ್ಲಿ ಮುಂದುವರಿಯಿತು. ತಪ್ಪಿದರೆ ತಿದ್ದಲು ಎದುರಿಗೆ ತಾವೇ ಕೂತಿದ್ದರು. ಜಿಮಿಗೆ ಆ ಕಾಲಾವಕಾಶ ಸಿಗಲಿಲ್ಲ, ಶಿಷ್ಯರೂ ಇರಲಿಲ್ಲ. ಉಳಿದದ್ದು ಟೇಪ್ ಮಾತ್ರ, ಅದನ್ನು ತಿದ್ದಿದವರು ಬೇರೆಯವರು.

ಹಾಗಾದರೆ ಎಐ?

ಜಿಮಿಯ ಆಲ್ಬಂಗಳಲ್ಲಿ ಕೇಳುವುದು ಜಿಮಿಯ ಕೈಬೆರಳೇ. ಡಗ್ಲಸ್ ಕೂಡ ಜಿಮಿಯ ಗಿಟಾರನ್ನು ಶೂನ್ಯದಿಂದ ಸೃಷ್ಟಿಸಿರಲಿಲ್ಲ. ಈಗ ಬಂದಿರುವ ಎಐ ಎರಡು ಬಗೆಯದು, ಎರಡನ್ನೂ ಒಂದೇ ಎಂದು ಹಂಚಿಕೊಳ್ಳುವುದರಿಂದಲೇ ಗೊಂದಲ.

ಮೊದಲನೆಯದು ಬೇರ್ಪಡಿಸುವ ಎಐ. 1980ರಲ್ಲಿ ತೀರಿಕೊಂಡ ಜಾನ್ ಲೆನನ್ ಮನೆಯಲ್ಲಿ ಪಿಯಾನೋ ಬಾರಿಸುತ್ತಾ ಹಾಡಿ ಒಂದು ಮಾಮೂಲಿ ಕ್ಯಾಸೆಟ್ಟಿನಲ್ಲಿ ಮುದ್ರಿಸಿಕೊಂಡಿದ್ದ. ಅದರಲ್ಲಿ ಧ್ವನಿ, ಪಿಯಾನೋ, ಕರೆಂಟಿನ ಗುಂಯ್ ಎಲ್ಲ ಕಲಸಿಹೋಗಿತ್ತು. ಕಂಪ್ಯೂಟರ್ ಅವನ ಧ್ವನಿಯನ್ನಷ್ಟೇ ಎತ್ತಿಕೊಟ್ಟಿತು, 2023ರ ನವೆಂಬರಿನಲ್ಲಿ ಬೀಟಲ್ಸ್ ಹಾಡಾಗಿ 'ನೌ ಆ್ಯಂಡ್ ದೆನ್' ಬಂತು. ಹಾಡಿದ್ದು ಅವನೇ.

ಎರಡನೆಯದು ಹುಟ್ಟಿಸುವ ಎಐ. ಸತ್ತವರ ಹಳೆ ಹಾಡುಗಳಿಂದ ಧ್ವನಿಯ ಅಚ್ಚು ಕಲಿತು, ಅವರು ಎಂದೂ ಹಾಡದ್ದನ್ನು ಹಾಡಿಸುವುದು. 2024ರಲ್ಲಿ ಎ.ಆರ್. ರೆಹಮಾನ್ ತಮಿಳಿನ 'ಲಾಲ್ ಸಲಾಂ' ಚಿತ್ರದಲ್ಲಿ ತೀರಿಕೊಂಡ ಇಬ್ಬರು ಗಾಯಕರ ಧ್ವನಿಯನ್ನು ಹೀಗೆ ಬಳಸಿದರು. ಕುಟುಂಬಗಳ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟಿದ್ದಾಗಿ ಅವರೇ ತಿಳಿಸಿದರು. ಅದೇ ವರ್ಷ, ಕನ್ನಡದಲ್ಲೂ ಸಾವಿರಾರು ಹಾಡು ಹಾಡಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಧ್ವನಿಯನ್ನು ಕೇಳದೇ ಬಳಸಿದ್ದಕ್ಕೆ ಒಂದು ತೆಲುಗು ಚಿತ್ರತಂಡಕ್ಕೆ ಅವರ ಕುಟುಂಬ ಲೀಗಲ್ ನೋಟಿಸ್ ಕಳಿಸಿತು. ಹಾಗಾಗಿ ಅಗಲಿದ ಗಾಯಕರ ಹೊಸ ಹಾಡು ಎಂಬ ಸಂದೇಶ ಬಂದಾಗ ನೋಡಬೇಕಾದ್ದು ಇಷ್ಟು: ಯಾವ ವರ್ಷ ಎಲ್ಲಿ ಮುದ್ರಿಸಿದ್ದು, ಯಾರು ಬಿಡುಗಡೆ ಮಾಡಿದ್ದು, ಕುಟುಂಬಕ್ಕೆ ಗೊತ್ತೇ. ಜಿಮಿಯ ಅಧಿಕೃತ ಆಲ್ಬಂಗಳಲ್ಲಿ ಮುದ್ರಣದ ದಿನಾಂಕ, ಸ್ಟುಡಿಯೋ, ಜೊತೆಗೆ ಬಾರಿಸಿದವರ ಹೆಸರು ಇರುತ್ತವೆ. ಯಾವ ವಿವರವೂ ಇಲ್ಲದ ಹಾಡನ್ನು ಮುಂದಕ್ಕೆ ಕಳಿಸುವ ಅವಸರ ಬೇಡ.

ನಿಮ್ಮ ಬೀರುವಿನ ಕ್ಯಾಸೆಟ್

ಟೇಪಿನ ಕಥೆ ಸಿಯಾಟಲ್ಲಿಗೆ ಮುಗಿಯುವುದಿಲ್ಲ. ಅಜ್ಜಂಪುರ, ಬೀರೂರು, ತರೀಕೆರೆಯ ಹಳೇ ಮನೆಗಳ ಬೀರುಗಳಲ್ಲೂ ಕ್ಯಾಸೆಟ್ಟುಗಳಿವೆ. ಅಜ್ಜಿಯ ಸೋಬಾನೆ, ಊರಿನ ಪೌರಾಣಿಕ ನಾಟಕ, ಭಜನೆ, ವೀರಗಾಸೆಯ ಒಡಪು. ಹಾಡಿದವರು ಎಷ್ಟೋ ಜನ ಈಗಿಲ್ಲ. ಟೇಪ್ ಎಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಕೂರಿಸಿದ ಕಬ್ಬಿಣದ ಆಕ್ಸೈಡ್ ಪುಡಿ. ತೇವ ಅದರ ಶತ್ರು. ಕಡೂರಿನ ಒಣ ಹವೆಯಲ್ಲಿ ಬಾಳುವ ಕ್ಯಾಸೆಟ್ಟಿಗೆ ತರೀಕೆರೆಯಿಂದ ಆಚೆ ಲಕ್ಕವಳ್ಳಿ ಕ���ೆಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದನ್ನು ಪ್ಲೇಯರಿಗೆ ಹಾಕಬೇಡಿ, ಯಂತ್ರದ ಮೂಲಕ ಬೇರೆ ಕ್ಯಾಸೆಟ್ಟುಗಳಿಗೂ ಬೂಷ್ಟು ಹರಡುತ್ತದೆ. ಟೇಪನ್ನು ಬಿಸಿ ಮಾಡಿದರೆ ಸರಿಯಾಗುತ್ತದೆ ಎಂಬ ವಿಡಿಯೋಗಳಿವೆ. ಅದು ಕೆಲವು ಬಗೆಯ ಸ್ಟುಡಿಯೋ ಟೇಪುಗಳಿಗೆ, ನಿಯಂತ್ರಿತ ಉಷ್ಣತೆಯಲ್ಲಿ, ತಜ್ಞರು ಮಾಡುವ ಕೆಲಸ. ಮನೆಯ ಓವನ್ನಿನಲ್ಲಿಟ್ಟರೆ ಚಿಪ್ಪು ಕರಗುತ್ತದೆ. ಬಿಸಿಲಿಗೂ ಇಡಬೇಡಿ. ದೊಡ್ಡ ಸ್ಪೀಕರಿನ ಪಕ್ಕ ಇಡಬೇಡಿ, ಅದರೊಳಗೆ ಆಯಸ್ಕಾಂತವಿದೆ. ಪ್ಲೇ ಮಾಡುವ ಮೊದಲು ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಸಣ್ಣ ಪ್ಲಾಸ್ಟಿಕ್ ಕಿವಿಗಳನ್ನು ಮುರಿಯಿರಿ, ಆಗ ಅಕಸ್ಮಾತ್ ರೆಕಾರ್ಡ್ ಬಟನ್ ಒತ್ತಿದರೂ ಅಜ್ಜಿಯ ಹಾಡು ಅಳಿಯುವುದಿಲ್ಲ.

ಪ್ಲೇಯರಿನ ಹೆಡ್‌ಫೋನ್ ಕಿಂಡಿಯಿಂದ ವೈರಿನ ಮೂಲಕ ಕಂಪ್ಯೂಟರಿಗೆ ಹಾಕಿ, ಸ್ಪೀಕರಿನ ಎದುರು ಫೋನ್ ಹಿಡಿದು ಮುದ್ರಿಸುವುದಕ್ಕಿಂತ ಅದು ಎಷ್ಟೋ ಮೇಲು. ಕುಗ್ಗಿಸದ ವೇವ್ ಫೈಲನ್ನು ಎರಡು ಬೇರೆ ಕಡೆ ಇಡಿ. ಗಲಾಟೆ ತೆಗೆಯಬೇಕು, ತಬಲಾ ಸೇರಿಸಬೇಕು ಎನ್ನಿಸಿದರೆ ಇನ್ನೊಂದು ಪ್ರತಿಯ ಮೇಲೆ ಮಾಡಿ, ಮೂಲವನ್ನು ಮುಟ್ಟಬೇಡಿ. ಯಾರು ಹಾಡಿದ್ದು, ಯಾವ ಊರು, ಯಾವ ವರ್ಷ ಎಂದು ಫೈಲಿನ ಹೆಸರಿನಲ್ಲೇ ಬರೆಯಿರಿ. ಕುಟುಂಬದ ಗುಂಪಿಗೆ ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ, ಆಗ ಫೈಲ್ ಕುಗ್ಗದೆ ಇದ್ದ ಹಾಗೇ ಹೋಗುತ್ತದೆ.